ಮದ್ದು ಒಂದೇ, ಜಾಗ ಬೇರೆ

ಪೆರಂಬೂರಿನ ಕೋಚ್ ಫ್ಯಾಕ್ಟರಿಯಲ್ಲಿ ವೆಲ್ಡರ್ ಆಗಿದ್ದ ಶೀನನ ಹೆಂಡತಿ ಚಂದ್ರಮತಿಗೆ ಕ್ಷಯ ಎಂದು ಗೊತ್ತಾದದ್ದು ೧೯೫೭ರ ಬೇಸಿಗೆಯಲ್ಲಿ. ಅದಕ್ಕೂ ಮೊದಲೇ ಕೆಲವು ತಿಂಗಳಿಂದ ಅವಳು ಕೆಮ್ಮುತ್ತಿದ್ದಳು. ಮಲ್ಪೆಯ ಕಡಲ ಗಾಳಿಯಲ್ಲಿ ಬೆಳೆದವಳಿಗೆ ಮದರಾಸಿನ ಧೂಳು ಹಿಡಿಸಲಿಲ್ಲ ಎಂದು ಶೀನ, ಮಗಳು ವಿನೋದಾ ಹುಟ್ಟಿದಾಗ ಸರಿಯಾದ ಬಾಣಂತನ ಆಗಲಿಲ್ಲ ಎಂದು ಜೊತೆಗೇ ಇದ್ದ ಅವಳ ಅತ್ತೆ, ಇಬ್ಬರೂ ಒಂದೊಂದು ಕಾರಣ ಹುಡುಕಿಟ್ಟಿದ್ದರು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ರಕ್ತ ಬಿತ್ತು. ಆಮೇಲೆ ಯಾರೂ ಕಾರಣ ಹುಡುಕಲಿಲ್ಲ.

ಅತ್ತೆ ಅಂದೇ ತೀರ್ಮಾನ ಹೇಳಿದರು. "ಇವಳನ್ನು ತಾಯಿಮನೆಗೆ ಕಳಿಸು ಶೀನಾ. ಮಗು ಇಲ್ಲಿರಲಿ, ನಾನು ನೋಡಿಕೊಳ್ತೇನೆ."

ತಾಯಿಮನೆಗೆ ಹೋದರೆ ಏನಾಗುತ್ತದೆ ಎಂಬುದು ಚಂದ್ರಮತಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಸಣ್ಣವಳಿದ್ದಾಗ ದೊಡ್ಡಮ್ಮನಿಗೆ ಇದೇ ಕಾಯಿಲೆ ಬಂದಿತ್ತು. ಬಲೆ ಇಡುವ ಗುಡಿಸಲಿನಲ್ಲಿ ಅವಳನ್ನು ಮಲಗಿಸಿದ್ದರು. ಬಾಗಿಲ ಬಳಿ ಗಂಜಿಯ ಬಟ್ಟಲು ಇಟ್ಟು ಹಿಂದೆ ಸರಿಯುತ್ತಿದ್ದರು. ದೊಡ್ಡಮ್ಮ ಸತ್ತ ಮೇಲೆ ಗುಡಿಸಲಿಗೇ ಬೆಂಕಿ ಹಚ್ಚಿದರು. ಆ ಹೊಗೆಯನ್ನು ಕೇರಿಯ ಮಕ್ಕಳೆಲ್ಲ ನಿಂತು ನೋಡಿದ್ದರು.

"ಮೊದಲು ಆಸ್ಪತ್ರೆಗೆ ಹೋಗುವ. ಊರಿನ ಮಾತು ಮತ್ತೆ ಆಗ್ಲಿ" ಎಂದಳು ಚಂದ್ರಮತಿ.

ಚೇತ್‌ಪಟ್ಟಿನಲ್ಲಿ ಕ್ಷಯಕ್ಕೆಂದೇ ಒಂದು ಹೊಸ ಕೇಂದ್ರ ತೆರೆದಿದೆ, ಅಲ್ಲಿ ಬಿಳಿಯರೂ ಇದ್ದಾರೆ, ಕಾಸು ಕೇಳುವುದಿಲ್ಲ ಎಂದು ಫ್ಯಾಕ್ಟರಿಯಲ್ಲಿ ಯಾರೋ ಹೇಳಿದ್ದರು. ಶೀನ ರಜೆ ಹಾಕಿ ಕರೆದುಕೊಂಡು ಹೋದ. ಎಕ್ಸ್‌ರೇ ತೆಗೆದರು, ಕಫ ತೆಗೆದುಕೊಂಡರು, ಮತ್ತೆ ಬರಹೇಳಿದರು. ಮತ್ತೆ ಹೋದಾಗ ಅವರನ್ನು ಕೂರಿಸಿಕೊಂಡು ಮಾತಾಡಿದವರು ಡಾಕ್ಟರ್ ಕಮಲಾಕರ. ಕಾರವಾರದ ಕಡೆಯವರು. ಕನ್ನಡ ಕೇಳಿದೊಡನೆ ಶೀನನ ಹೆಗಲು ಸ್ವಲ್ಪ ಸಡಿಲವಾಯಿತು.

"ಎರಡೂ ಶ್ವಾಸಕೋಶದಲ್ಲಿ ಕಾಯಿಲೆ ಉಂಟು. ಆದರೆ ಮದ್ದೂ ಉಂಟು. ಒಂದು ವರ್ಷ ದಿನಾ ತಗೋಬೇಕು" ಎಂದು ಡಾಕ್ಟರು ವಿವರಿಸಿದರು. ಕೇಂದ್ರಕ್ಕೆ ಬರುವ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ತಾಂಬರಂ ಸ್ಯಾನಟೋರಿಯಮ್ಮಿಗೆ ಕಳಿಸುತ್ತಾರೆ, ಉಳಿದವರನ್ನು ಮನೆಯಲ್ಲೇ ಇಟ್ಟು ನೋಡುತ್ತಾರೆ. ಯಾರು ಎಲ್ಲಿಗೆ ಎಂಬುದನ್ನು ಡಾಕ್ಟರುಗಳು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಚಂದ್ರಮತಿಯ ಪಾಲಿಗೆ ಬಂದದ್ದು ಮನೆ.

ಶೀನ ಎದ್ದು ನಿಂತ. "ತಾಂಬರಂನಲ್ಲಿ ಮಂಚ, ಹಾಲು, ಮೊಟ್ಟೆ, ನರ್ಸು. ನಮಗೆ ನಮ್ಮ ಒಂದೇ ಕೋಣೆಯಾ? ಡಾಕ್ಟ್ರೆ, ನಮ್ಮ ಫ್ಯಾಕ್ಟರಿಗೂ ಸ್ವಿಟ್ಜರ್ಲೆಂಡಿನವರು ಬಂದಿದ್ದಾರೆ. ವೆಲ್ಡಿಂಗ್ ಕಲಿಸ್ತಾರೆ. ಕಲಿಯುವಾಗ ತಗಡು ಹಾಳಾದರೆ ಬಿಸಾಡಬಹುದು. ನನ್ನ ಹೆಂಡತಿ ತಗಡಾ?"

ಡಾಕ್ಟರು ಸಿಟ್ಟಾಗಲಿಲ್ಲ. "ಪರೀಕ್ಷೆ ಹೌದು. ಅಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಪರೀಕ್ಷೆ ಮದ್ದಿನದ್ದಲ್ಲ. ಎರಡೂ ಕಡೆ ಮದ್ದು ಒಂದೇ, ಜಾಗ ಬೇರೆ. ಈ ದೇಶದಲ್ಲಿ ಕ್ಷಯದವರು ಲಕ್ಷಗಟ್ಟಲೆ ಇದ್ದಾರೆ. ಮಂಚಗಳು ಎಷ್ಟಿವೆ? ಮನೆಯಲ್ಲೇ ಗುಣವಾಗುತ್ತದೆ ಅಂತಾದರೆ ಎಲ್ಲರನ್ನೂ ಉಳಿಸಬಹುದು. ಆಗುವುದಿಲ್ಲ ಅಂತಾದರೆ ಅದೂ ಗೊತ್ತಾಗಬೇಕು. ಅದಕ್ಕೇ ಲಂಡನ್ನಿನವರು, ಜಿನೀವಾದವರು, ದಿಲ್ಲಿಯವರು, ಮದರಾಸು ಸರಕಾರ ಎಲ್ಲರೂ ಸೇರಿ ಹಣ, ಜನ, ಯಂತ್ರ ಒಟ್ಟು ಮಾಡಿದ್ದು."

ಚಂದ್ರಮತಿ ನಡುವೆ ಬಾಯಿ ಹಾಕಿದಳು. "ನನ್ನ ಮಗಳಿಗೆ ಅಂಟಿದರೆ?"

"ಅವಳನ್ನೂ ಆಗಾಗ ಪರೀಕ್ಷೆ ಮಾಡ್ತೇವೆ. ಅಂಟುವುದೇ ಇಲ್ಲ ಅಂತ ಆಣೆ ಹಾಕಲಿಕ್ಕೆ ನನ್ನಿಂದ ಆಗುವುದಿಲ್ಲಮ್ಮ."

ಹೊರಗೆ ಬಂದ ಮೇಲೆ ಶೀನ ಬೇಡವೆಂದ. ಬಸ್ಸು ಕಾಣಿಸಿದಾಗ ಚಂದ್ರಮತಿ ಹೇಳಿದಳು: "ಆಣೆ ಹಾಕಿದ್ದರೆ ನಾನೂ ಬೇಡ ಅಂತಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿದ್ರಲ್ಲ. ನಾನು ತಗೊಳ್ತೇನೆ."

ಮದ್ದೇನೋ ಬಂತು. ಅದನ್ನು ನುಂಗುವುದು ಬೇರೆಯೇ ಯುದ್ಧ. ತೆಳುವಾದ ಹಿಟ್ಟಿನ ಹಾಳೆಯೊಳಗೆ ಪುಡಿ ತುಂಬಿದ ದೊಡ್ಡ ದೊಡ್ಡ ಬಿಲ್ಲೆಗಳು. ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದವು, ಒಳಗೆ ಇಳಿದರೆ ವಾಂತಿಯಾಗುತ್ತಿತ್ತು. ಕೇಂದ್ರದಿಂದ ಮನೆಗೆ ಬಂದು ನೋಡಿಕೊಳ್ಳುತ್ತಿದ್ದವಳು ಜಯಲಕ್ಷ್ಮೀ ಎಂಬ ನರ್ಸ್. ಅವಳ ಮನೆಯವರು ಮೂರು ತಲೆಮಾರಿನಿಂದ ಮದರಾಸಿನಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಂಡಿದ್ದ ಕನ್ನಡಿಗರು. ಅವಳ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು.

"ಮೆದುವಾ ನುಂಗಿ. ಅವಸರ ವೇಂಡಾ" ಎಂದು ನಿಧಾನವಾಗಿ ನುಂಗಿಸುತ್ತಿದ್ದಳು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದನ್ನು, ಮುಚ್ಚಳವಿರುವ ಡಬ್ಬಿಯಲ್ಲೇ ಉಗುಳುವುದನ್ನು ಕಲಿಸಿದಳು. ಯಾರಾದರೂ ಕೇಳಿದರೆ ತಾನು ನೆಂಟಳೆಂದು ಹೇಳಲು ಸಲಹೆ ಕೊಟ್ಟಳು.

ನೆಂಟಳ ಮಾತು ಹೆಚ್ಚು ದಿನ ನಡೆಯಲಿಲ್ಲ. ಅದು ನಾಲ್ಕು ಸಂಸಾರಗಳ ವಠಾರ. ಎಲ್ಲರಿಗೂ ಒಂದೇ ನಲ್ಲಿ. ಮನೆಯ ಒಡತಿ ಅಮ್ಮಣ್ಣಿ ಎಂಬ ವಿಧವೆ ಮುಂಭಾಗದಲ್ಲೇ ಇದ್ದರು. ಒಂದು ಬೆಳಿಗ್ಗೆ ಚಂದ್ರಮತಿ ಕೊಡ ಇಟ್ಟು ನಿಂತಾಗ ಅಮ್ಮಣ್ಣಿ ಕೊಡವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಈ ನಲ್ಲಿ ಮುಟ್ಟಬೇಡ, ಈ ತಿಂಗಳಲ್ಲೇ ಮನೆ ಬಿಡಿ ಎಂದು ತಮಿಳಿನಲ್ಲಿ ಗದರಿದರು. ನೀರಿಗೆ ಬಂದಿದ್ದ ಹೆಂಗಸರು ಅಲ್ಲಲ್ಲೇ ನಿಂತರು.

ಚಂದ್ರಮತಿಗೆ ಆಗ ತಮಿಳು ಅಷ್ಟಕ್ಕಷ್ಟೆ. ಇದ್ದಷ್ಟನ್ನೇ ಒಟ್ಟುಮಾಡಿಕೊಂಡು, "ವೀಟ್ಟೆ ವಿಡಮಾಟ್ಟೇನ್, ಅಮ್ಮಾ" ಎಂದಳು. ಮನೆ ಬಿಡುವುದಿಲ್ಲ. ಬೇರೇನೂ ಸೇರಿಸಲಿಲ್ಲ. ಕೊಡ ಎತ್ತಿಕೊಂಡು ಒಳಗೆ ಬಂದಳು.

ಅಂದು ಮಧ್ಯಾಹ್ನ ಜಯಲಕ್ಷ್ಮೀ ಬಂದಾಗ ಚಂದ್ರಮತಿ, "ಸಿಸ್ಟರ್, ಇನ್ನು ನೀವು ನನ್ನ ನೆಂಟಳಲ್ಲ. ಯಾರು ಅಂತ ಎಲ್ಲರಿಗೂ ಹೇಳಿ" ಎಂದಳು. ಜಯಲಕ್ಷ್ಮೀ ಅಮ್ಮಣ್ಣಿಯ ಜಗಲಿಯಲ್ಲಿ ಕುಳಿತು, ರೋಗ ನಲ್ಲಿಯಿಂದ ಬರುವುದಿಲ್ಲ, ಕೆಮ್ಮಿನಿಂದ ಬರುತ್ತದೆ, ಮದ್ದು ಬಿದ್ದ ಮೇಲೆ ಅದೂ ಕಡಿಮೆಯಾಗುತ್ತದೆ ಎಂದು ತಾಳ್ಮೆಯಿಂದ ಹೇಳಿದಳು. ವಠಾರದವರಿಗೆಲ್ಲ ಬೇಕಾದರೆ ಎಕ್ಸ್‌ರೇ ತೆಗೆಸುತ್ತೇನೆ ಎಂದಳು. ಎಕ್ಸ್‌ರೇಗೆ ಯಾರೂ ಹೋಗಲಿಲ್ಲ. ಅಮ್ಮಣ್ಣಿ ಪೂರ್ತಿ ನಂಬಲೂ ಇಲ್ಲ. ಆದರೆ ಮನೆ ಬಿಡಿ ಎಂಬ ಮಾತು ಮತ್ತೆ ಬರಲಿಲ್ಲ. ನೀರು ಮಾತ್ರ ಶೀನನೇ ಹಿಡಿಯಬೇಕೆಂದಾಯಿತು. ಆ ವರ್ಷವೆಲ್ಲ ಅವನು ಶಿಫ್ಟಿಗೆ ಹೊರಡುವ ಮೊದಲು ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ನಿಂತು ಕೊಡ ತುಂಬಿಸಿದ.

ಮಳೆಗಾಲ ಹಿಡಿಯುವ ಹೊತ್ತಿಗೆ ಕೆಮ್ಮು ನಿಂತಿತ್ತು. ರವಿಕೆ ಬಿಗಿಯಾಗತೊಡಗಿತ್ತು. ಅಪಾಯ ಬಂದದ್ದು ಆಗಲೇ. ಗುಣವಾದವಳಿಗೆ ಈ ವಾಂತಿ ಯಾಕೆ ಎಂದು ಚಂದ್ರಮತಿಗೆ ಅನ್ನಿಸಿತು. ಕೆಲವು ದಿನ ಬಿಲ್ಲೆಗಳನ್ನು ಒಲೆಯ ಬೂದಿಯಲ್ಲಿ ಹೂತಳು. ಜಯಲಕ್ಷ್ಮೀ ಹೇಳದೆ ಕೇಳದೆ ಬಂದು ಮೂತ್ರ ಪರೀಕ್ಷೆ ಮಾಡಿದಳು. ಮದ್ದು ತೆಗೆದುಕೊಂಡಿದ್ದರೆ ಬರಬೇಕಾದ ಬಣ್ಣ ಬರಲಿಲ್ಲ.

ಬೈಯುತ್ತಾಳೆ ಎಂದುಕೊಂಡಿದ್ದಳು ಚಂದ್ರಮತಿ. ಜಯಲಕ್ಷ್ಮೀ ಚಾಪೆಯ ಮೇಲೆ ಕುಳಿತು, "ಯಾಕೆ?" ಎಂದಷ್ಟೇ ಕೇಳಿದಳು.

"ತಿಂದದ್ದೆಲ್ಲ ಹೊರಗೆ ಬರ್ತದೆ ಸಿಸ್ಟರ್. ಕೆಮ್ಮು ನಿಂತಿತಲ್ಲ, ಇನ್ನು ಎಂತಕ್ಕೆ?"

"ಹೊರಗೆ ನಿಂತಿದೆ. ಒಳಗೆ ಕೊಂಚ ಹುಳ ಉಳಿದಿದ್ರೂ ಸಾಕು, ಕಂಡಿಪ್ಪಾ, ಖಂಡಿತವಾಗಿ ವಾಪಸ್ ಬರ್ತದೆ. ಆಗ ಇದೇ ಮದ್ದು ಕೇಳೋದಿಲ್ಲ. ನಿಮ್ಮಿಂದ ಪಾಪ್ಪಾಗೂ ಬರ್ತದೆ."

ಪಾಪ್ಪಾ ಎಂದರೆ ವಿನೋದಾ. ಆಗ ನಾಲ್ಕು ವರ್ಷದ ಹುಡುಗಿ, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಚಂದ್ರಮತಿ ಅವಳ ಕಡೆ ನೋಡಿ, ಜಯಲಕ್ಷ್ಮಿಯ ಕಡೆ ತಿರುಗಿದಳು. "ಹಾಗಾದ್ರೆ ಹೊಟ್ಟೆಯಲ್ಲಿ ನಿಲ್ಲುವ ದಾರಿ ಹೇಳಿ. ನುಂಗಿ ಅಂತ ಹೇಳುದು ಸುಲಭ."

ಇಬ್ಬರೂ ಸೇರಿ ದಾರಿ ಹುಡುಕಿದರು. ಖಾಲಿ ಹೊಟ್ಟೆಯಲ್ಲಿ ಬೇಡ, ದಪ್ಪ ಗಂಜಿ ಉಂಡ ಮೇಲೆ. ಬಿಲ್ಲೆಯನ್ನು ನೀರಲ್ಲಿ ಒಮ್ಮೆ ಅದ್ದಿ ಮೆತ್ತಗೆ ಮಾಡಿಕೊಂಡು. ನುಂಗಿದ ಮೇಲೆ ನಾಲಗೆಗೆ ಲಿಂಬೆ ಉಪ್ಪಿನಕಾಯಿ. ಆಮೇಲೆ ಗೋಡೆಗೆ ಒರಗಿ ಅಲುಗಾಡದೆ ಕೂರುವುದು. ಎಲ್ಲ ದಿನವೂ ಫಲಿಸಲಿಲ್ಲ. ಫಲಿಸದ ದಿನ ಮುಖ ತೊಳೆದು ಬಂದು ಮರುಹೊತ್ತಿನ ಬಿಲ್ಲೆಗೆ ಕಾದು ಕೂರುತ್ತಿದ್ದಳು. ಬೂದಿಗೆ ಮತ್ತೆ ಒಂದೂ ಹೋಗಲಿಲ್ಲ.

ಅಷ್ಟರಲ್ಲಿ ವಿನೋದಾಳಿಗೆ ಜ್ವರ ಬಂತು. ಸಂಜೆ ಸಂಜೆಗೆ ಮೈ ಬಿಸಿಯಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಕೇಂದ್ರದಲ್ಲಿ ಎಕ್ಸ್‌ರೇ ತೆಗೆದರು. ಎಳೆಯ ಎದೆಯಲ್ಲಿ ಒಂದು ನೆರಳು ಕಾಣಿಸಿತು.

ಅತ್ತೆ ಎದೆ ಬಡಿದುಕೊಂಡರು. "ನಾನು ಹೇಳಿದ್ದೆ. ಊರಿಗೆ ಹೋಗಿದ್ರೆ ಮಗು ಉಳೀತಿತ್ತು." ಮರುದಿನ ಶೀನ ತಾಯಿ ಮಗಳಿಬ್ಬರನ್ನೂ ಕರೆದುಕೊಂಡು ಕೇಂದ್ರಕ್ಕೆ ಹೋಗಿ, "ನಿಮ್ಮ ಪರೀಕ್ಷೆ ಸಾಕು. ಇವಳನ್ನು ತಾಂಬರಂಗೆ ಕಳಿಸಿ" ಎಂದು ಡಾಕ್ಟರ್ ಕಮಲಾಕರರ ಮುಂದೆ ನಿಂತ. ಪಕ್ಕದಲ್ಲಿ ಇಂಗ್ಲೆಂಡಿನಿಂದ ಬಂದಿದ್ದ ಹಿರಿಯ ಡಾಕ್ಟರೂ ಇದ್ದರು. ಬಿಸಿಲಿಗೆ ಕುತ್ತಿಗೆ ಕೆಂಪಗೆ ಸುಟ್ಟುಹೋಗಿದ್ದ ಮನುಷ್ಯ.

ಚಂದ್ರಮತಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. "ನನಗೆ ಒಂದು ಗೊತ್ತಾಗ್ಬೇಕು. ನಾನು ಮನೆಯಲ್ಲಿ ಇದ್ದದ್ದರಿಂದ ಇವಳಿಗೆ ಬಂತಾ? ಆ ದೊರೆಗಳನ್ನೇ ಕೇಳಿ."

ಕಮಲಾಕರರು ಇಂಗ್ಲಿಷಿನಲ್ಲಿ ಕೇಳಿದರು. ಬಿಳಿಯ ಡಾಕ್ಟರು ಕನ್ನಡಕ ತೆಗೆದರು. ಮಗುವನ್ನು ನೋಡಿ ಎರಡು ಮಾತು ಹೇಳಿದರು.

"ಅವರಿಗೂ ಗೊತ್ತಿಲ್ಲವಂತೆ" ಎಂದರು ಕಮಲಾಕರರು. "ತಾಂಬರಂಗೆ ಹೋದವರ ಮನೆಗಳಲ್ಲೂ ಕೆಲವು ಮಕ್ಕಳಿಗೆ ಬಂದಿದೆ. ನೀವು ಮದ್ದು ಶುರುಮಾಡುವ ಮೊದಲೇ ಅಂಟಿರಬಹುದು. ಇರಬಹುದು ಅಷ್ಟೆ. ಎಲ್ಲರ ಲೆಕ್ಕ ಮುಗಿಯುವವರೆಗೆ ಹೇಳಲಿಕ್ಕಾಗುವುದಿಲ್ಲ. ನೀವು ಇಷ್ಟಪಟ್ಟರೆ ನಾಳೆಯೇ ತಾಂಬರಂಗೆ ಕಳಿಸ್ತೇವೆ. ಯಾರೂ ತಪ್ಪು ತಿಳಿಯುವುದಿಲ್ಲ."

"ಹೂಂ ಅನ್ನು" ಎಂದ ಶೀನ.

"ನಾನು ಹೋದ್ರೆ ಇವಳಿಗೆ ಮದ್ದು ನುಂಗಿಸುದು ಯಾರು?" ಚಂದ್ರಮತಿ ಗಂಡನನ್ನು ಕೇಳಿದಳು. "ವಾಂತಿ ಬಂದಾಗ ಎಂತ ಮಾಡುದು, ಯಾವಾಗ ಕೊಡುದು, ನಿಮಗೆ ಗೊತ್ತುಂಟಾ? ಅತ್ತೆಗೆ ಗೊತ್ತುಂಟಾ? ನಾನು ಕಷ್ಟಪಟ್ಟು ಕಲಿತದ್ದು ಇವಳಿಗೇ ಬೇಕಾಯ್ತು. ನಾನು ಹೋಗುದಿಲ್ಲ." ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಆದರೆ ಲೆಕ್ಕ ಮುಗಿದ ಮೇಲೆ ನನಗೆ ಹೇಳ್ಬೇಕು. ದೊಡ್ಡ ದೊಡ್ಡವರಿಗೆ ಹೇಳುವಾಗ ನನಗೂ ಹೇಳ್ಬೇಕು."

ಕಮಲಾಕರರು ಅದನ್ನೂ ಇಂಗ್ಲಿಷಿಗೆ ತಿರುಗಿಸಿದರು. ಬಿಳಿಯ ಡಾಕ್ಟರು ತಲೆಯಾಡಿಸಿದರು. ಅದು ಔಪಚಾರಿಕವಾಗಿ ಆಡಿಸಿದ ತಲೆಯಲ್ಲ ಎಂದು ಚಂದ್ರಮತಿಗೆ ಅನ್ನಿಸಿತು.

ಮನೆಗೆ ಬಂದರೆ ಅತ್ತೆ ಸೊಸೆಯನ್ನು ಕಳಿಸಲೆಂದು ಟ್ರಂಕು ತುಂಬಿಸಿ ಕುಳಿತಿದ್ದರು. ಸೊಸೆಯ ತೀರ್ಮಾನ ಕೇಳಿ ಬಾಯಿಗೆ ಬಂದದ್ದೆಲ್ಲ ಬೈದರು. ಬೈದು ಮುಗಿದ ಮೇಲೆ ವಿನೋದಾಳನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡರು. "ಇಬ್ಬರಿಗೆ ಮದ್ದು, ಅಡಿಗೆ, ಬಟ್ಟೆ ಎಲ್ಲ ಮಾಡ್ಲಿಕ್ಕೆ ನಿನಗೆ ಕೈ ಎಷ್ಟುಂಟು? ಗಂಜಿ ನಾನು ಬೇಯಿಸ್ತೇನೆ. ನೀನು ಮದ್ದು ನೋಡಿಕೋ." ಟ್ರಂಕು ಗೋಡೆಯ ಬದಿಯಲ್ಲಿ ಹಾಗೇ ಉಳಿಯಿತು. ಸೊಸೆಯ ಬಟ್ಟಲನ್ನು ಬೇರೆ ಇಡುವುದನ್ನು ಅತ್ತೆ ಮಾತ್ರ ಬಿಡಲಿಲ್ಲ. ಚಂದ್ರಮತಿ ಅದಕ್ಕೆ ಜಗಳವಾಡಲಿಲ್ಲ. ಜಗಳಕ್ಕೆ ಬೇಕಾದ ಉಸಿರನ್ನು ಅವಳು ಬೇರೆ ಕೆಲಸಕ್ಕೆ ಕೂಡಿಡುತ್ತಿದ್ದಳು.

ತಾಯಿ ಮಗಳು ಎದುರುಬದುರು ಕುಳಿತು ಮದ್ದು ತೆಗೆದುಕೊಂಡರು. ವಿನೋದಾ ಮೊಂಡು ಹಿಡಿದರೆ ತಾಯಿ ಮೊದಲು ನುಂಗಿ ಬಾಯಿ ತೆರೆದು ತೋರಿಸಬೇಕಿತ್ತು. ಕೆಲವೇ ವಾರಗಳಲ್ಲಿ ಹುಡುಗಿಯ ಜ್ವರ ಬಿಟ್ಟಿತು. ವರ್ಷ ತುಂಬಿದಾಗ ಚಂದ್ರಮತಿಯ ಕಫದಲ್ಲಿ ರೋಗಾಣು ಇರಲಿಲ್ಲ. ಎಕ್ಸ್‌ರೇಯಲ್ಲಿ ಗಾಯ ಮಾಗಿದ ಗುರುತಷ್ಟೇ ಉಳಿದಿತ್ತು. ವಿನೋದಾಳ ಎದೆಯ ನೆರಳು ಕರಗುತ್ತ ಬಂದು ಮುಂದಿನ ವರ್ಷ ಪೂರ್ತಿ ಹೋಯಿತು. ಈಗ ಅವಳು ವಠಾರದ ಮಕ್ಕಳೊಡನೆ ಬೀದಿಯಲ್ಲಿ ಓಡುತ್ತಿದ್ದಳು, ತಾಯಿ ಕನ್ನಡದಲ್ಲಿ ಕರೆದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು.

ಗುಣವಾದ ಮೇಲೂ ತಪಾಸಣೆಗೆ ಹೋಗುವುದು ಇದ್ದೇ ಇತ್ತು. ಹೋದಾಗಲೆಲ್ಲ ಚಂದ್ರಮತಿಯದು ಒಂದೇ ಪ್ರಶ್ನೆ. "ಲೆಕ್ಕ ಮುಗೀತಾ ಡಾಕ್ಟ್ರೆ?" ಕಮಲಾಕರರು ನಗುತ್ತಿದ್ದರು. ಇನ್ನೂ ಇಲ್ಲ. ಒಮ್ಮೆ ಶೀನ, "ಅವರು ನಿನಗೆ ಹೇಳ್ತಾರಾ? ನೀನು ಯಾರು ಅವರಿಗೆ?" ಎಂದು ಕೇಳಿದ.

"ನಾನು ಇಲ್ಲದಿದ್ರೆ ಅವರಿಗೆ ಲೆಕ್ಕವೇ ಇಲ್ಲ" ಎಂದಳು ಅವಳು.

೧೯೫೯ರಲ್ಲಿ ಒಂದು ದಿನ ಕಮಲಾಕರರೇ ಹೇಳಿ ಕಳಿಸಿದರು. ಚಂದ್ರಮತಿ ಒಗೆದ ಸೀರೆ ಉಟ್ಟು ಹೋದಳು. ಡಾಕ್ಟರು ಕುರ್ಚಿ ಎಳೆದು ಕೂರಿಸಿ, ಮನೆಯಲ್ಲಿದ್ದವರೂ ಸ್ಯಾನಟೋರಿಯಮ್ಮಿಗೆ ಹೋದವರೂ ಬಹುಮಟ್ಟಿಗೆ ಒಂದೇ ರೀತಿ ಗುಣವಾಗಿದ್ದಾರೆ ಎಂದು ಶುರುಮಾಡಿದರು.

"ಮಕ್ಕಳದ್ದು ಹೇಳಿ" ಎಂದಳು ಚಂದ್ರಮತಿ.

"ಮನೆಯಲ್ಲಿದ್ದವರ ಮಕ್ಕಳಿಗೆ ಹೆಚ್ಚು ಬಂದಿಲ್ಲಮ್ಮ. ಎರಡೂ ಕಡೆ ಹೆಚ್ಚು ವ್ಯತ್ಯಾಸ ಇಲ್ಲ. ಅಂಟುವುದೆಲ್ಲ ಬಹುಪಾಲು ಮದ್ದು ಶುರುವಾಗುವ ಮೊದಲೇ ಅಂಟಿರುತ್ತದೆ."

ಕೇಳಿ ಅವಳು ಅಲ್ಲೇ ಅತ್ತಳು. ಇಡೀ ಕಾಯಿಲೆಯಲ್ಲಿ ಅವಳು ಹಾಗೆ ಬಿಕ್ಕಿ ಅತ್ತದ್ದು ಅದೇ ಮೊದಲು. ಡಾಕ್ಟರು ಕಿಟಕಿಯಾಚೆ ನೋಡುತ್ತ ಕಾದರು. ಸೆರಗಿನಲ್ಲಿ ಮುಖ ಒರೆಸಿಕೊಂಡ ಮೇಲೆ ಕೇಳಿದಳು. "ಈ ಲೆಕ್ಕವನ್ನು ಬೇರೆ ದೇಶದವರೂ ಓದ್ತಾರಾ?"

"ಓದ್ತಾರೆ. ಅವರೂ ಇದಕ್ಕೇ ಕಾಯ್ತಾ ಇದ್ರು."

"ಅದರಲ್ಲಿ ನನ್ನ ಹೆಸರು ಉಂಟಾ?"

"ಹೆಸರು ಯಾರದ್ದೂ ಇಲ್ಲ. ಇಷ್ಟು ಜನ ಅಂತ ಸಂಖ್ಯೆ ಉಂಟು."

"ಆ ಇಷ್ಟು ಜನರಲ್ಲಿ ನಾನು ಇದ್ದೇನಲ್ಲ, ಸಾಕು."

ಮುಂದಿನ ವರ್ಷ ಜಯಲಕ್ಷ್ಮೀ ಒಂದು ಸುದ್ದಿ ತಂದಳು. ಮನೆಮನೆಗೆ ಹೋಗುವ ನರ್ಸುಗಳ ಜೊತೆಗೆ ಸಹಾಯಕಿಯರು ಬೇಕಾಗಿದ್ದಾರೆ. ಕೆಲವು ಬಾಗಿಲುಗಳು ನರ್ಸಿಗೆ ತೆರೆಯುವುದಿಲ್ಲ, ಕಾಯಿಲೆ ಅನುಭವಿಸಿದವಳಿಗೆ ತೆರೆದಾವು. ಶೀನ ಒಪ್ಪಲು ಸ್ವಲ್ಪ ದಿನ ತೆಗೆದುಕೊಂಡ. ಅತ್ತೆ ಮಾತ್ರ, "ಹೋಗ್ಲಿ ಬಿಡು. ಮನೆಯಲ್ಲಿ ಕೂತ್ರೆ ನನಗೂ ಮದ್ದು ನುಂಗಿಸಿಯಾಳು" ಎಂದರು.

ತುಳು, ಕನ್ನಡ, ವಠಾರದಲ್ಲಿ ಕಲಿತ ಗಟ್ಟಿ ತಮಿಳು, ಇಷ್ಟು ಹಿಡಿದುಕೊಂಡು ಚಂದ್ರಮತಿ ಮದರಾಸಿನ ಕೇರಿಗಳಲ್ಲಿ ವರ್ಷಗಟ್ಟಲೆ ತಿರುಗಿದಳು. ಈಗ ಬೇರೆ ದೇಶಗಳಿಂದ ಡಾಕ್ಟರುಗಳು, ನರ್ಸುಗಳು ಮನೆಯಲ್ಲೇ ಮದ್ದು ಕೊಡುವ ಈ ಕ್ರಮ ಕಲಿಯಲು ಮದರಾಸಿಗೇ ಬರುತ್ತಿದ್ದರು. ೧೯೬೪ರಲ್ಲಿ ಪೂರ್ವ ಆಫ್ರಿಕಾದಿಂದ ಗ್ರೇಸ್ ಎಂಬ ನರ್ಸ್ ಬಂದಳು. ಎತ್ತರದ ಹೆಂಗಸು, ಕಡಿಮೆ ಮಾತು. ಜಯಲಕ್ಷ್ಮೀ, ಚಂದ್ರಮತಿ ಇಬ್ಬರ ಜೊತೆ ಅವಳೂ ಮನೆಗಳಿಗೆ ಹೊರಟಳು.

ಒಂದು ಬೆಳಿಗ್ಗೆ ಮೂವರೂ ನುಂಗಂಬಾಕ್ಕಂನ ಒಂದು ಹೋಟೆಲಿನ ಹಿಂದಿನ ಕೋಣೆಗೆ ಹೋದರು. ಅಲ್ಲಿ ಹಿಟ್ಟು ರುಬ್ಬುತ್ತಿದ್ದ ರಾಮದಾಸ ಎಂಬ ಕುಂದಾಪುರದ ಕಡೆಯವನು ಎರಡು ವಾರದಿಂದ ಮದ್ದಿಗೆ ಬಂದಿರಲಿಲ್ಲ. ಬಾಗಿಲು ತೆರೆದಾಗ ಅವನು ಚಾಪೆ ಸುತ್ತುತ್ತಿದ್ದ.

"ಎಲ್ಲಿಗೆ ಹೊರಟಿದ್ದಿ?" ಚಂದ್ರಮತಿ ಕನ್ನಡದಲ್ಲಿ ಕೇಳಿದಳು.

ಅವನು ಬೆಚ್ಚಿಬಿದ್ದ. "ಊರಿಗೆ ಅಕ್ಕ. ಇಲ್ಲಿ ಗೊತ್ತಾದ್ರೆ ಹೇಗೂ ಓಡಿಸ್ತಾರೆ. ಮೊದಲೇ ಹೋಗುದು ಒಳ್ಳೆಯದು."

"ಊರಲ್ಲಿ ನಿನಗೆ ಮದ್ದು ಕೊಡುವವರು ಯಾರು?"

ಚಂದ್ರಮತಿ ಚಾಪೆಯನ್ನು ಅವನ ಕೈಯಿಂದ ತೆಗೆದು ನೆಲಕ್ಕೆ ಹಾಸಿದಳು. "ಕೂತುಕೋ. ಅಡಿಗೆಮನೆಯ ಕೆಲಸ ನಿನಗೆ ಈಗ ಬೇಡ, ಅದು ನಿಜ. ಧಣಿಗಳ ಹತ್ತಿರ ನಾನು ಮಾತಾಡ್ತೇನೆ."

ಧಣಿ ಸುಬ್ರಾಯರು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದರು. ವಿಷಯ ಕೇಳಿ ಬಿಳಿಚಿಕೊಂಡರು. "ಮೆಲ್ಲಗೆ ಮಾತಾಡಿ ಮಾರಾಯ್ತಿ! ಗಿರಾಕಿಗಳಿಗೆ ಕೇಳಿದ್ರೆ ಹೋಟೆಲೇ ಮುಚ್ಚಬೇಕು. ಅವನನ್ನು ಇವತ್ತೇ ಕಳಿಸ್ತೇನೆ."

"ಕಳಿಸಿದ್ರೆ ಅವ ಊರು ಸೇರುವ ಮೊದಲು ರೈಲಿನಲ್ಲಿ ಎಷ್ಟು ಜನರ ಮೇಲೆ ಕೆಮ್ಮುತ್ತಾನೆ? ಇಲ್ಲೇ ಇದ್ದು ಮದ್ದು ತಗೊಂಡ್ರೆ ಯಾರಿಗೂ ತೊಂದರೆ ಇಲ್ಲ. ಹಿಟ್ಟು ಮುಟ್ಟಿಸಬೇಡಿ. ಮಲಗುವ ಜಾಗ ಬಿಡಿಸಬೇಡಿ. ಹುಡುಗರನ್ನೆಲ್ಲ ಒಮ್ಮೆ ಪರೀಕ್ಷೆಗೆ ಕಳಿಸಿ."

"ನೀವು ಸುಲಭದಲ್ಲಿ ಹೇಳ್ತೀರಿ. ನಿಮಗೆ ಎಂತ ಗೊತ್ತುಂಟು ಈ ಕಾಯಿಲೆ?"

"ನನಗೇ ಇತ್ತು" ಎಂದಳು ಚಂದ್ರಮತಿ. "ಒಂದೇ ಕೋಣೆಯಲ್ಲಿ ಸಂಸಾರದೊಟ್ಟಿಗೆ ಇದ್ದು ಗುಣ ಮಾಡಿಕೊಂಡೆ. ನನ್ನ ಮಗಳು ಈಗ ಶಾಲೆಗೆ ಹೋಗ್ತಾಳೆ. ನನ್ನ ಅತ್ತೆಗೆ ಎಂತ ಸಹ ಆಗಿಲ್ಲ."

ಸುಬ್ರಾಯರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬಹಳ ಹೊತ್ತು ವಾದವಾಯಿತು. ಕೊನೆಗೆ ಕೋಣೆಯ ಪಕ್ಕದ ಸಾಮಾನಿನ ಶೆಡ್ಡಿನಲ್ಲಿ ರಾಮದಾಸ ಒಬ್ಬನೇ ಮಲಗಬಹುದು, ಊಟ ಸಿಗುತ್ತದೆ, ಕೆಲಸದ ಮಾತು ಡಾಕ್ಟರು ಚೀಟಿ ಕೊಟ್ಟ ಮೇಲೆ ಎಂಬಲ್ಲಿಗೆ ಬಂದು ನಿಂತರು. ಪೂರ್ತಿ ಗೆಲುವಲ್ಲ. ಚಂದ್ರಮತಿ ಅಷ್ಟನ್ನು ಹಿಡಿದುಕೊಂಡು ಹಿಂದಕ್ಕೆ ಬಂದಳು. ರಾಮದಾಸ ಅವಳ ಎದುರೇ ಅಂದಿನ ಮದ್ದು ನುಂಗಿದ.

ರಸ್ತೆಗೆ ಬಂದಾಗ ಗ್ರೇಸ್ ಏನೋ ಕೇಳಿದಳು. ಜಯಲಕ್ಷ್ಮೀ ತಿರುಗಿಸಿ ಹೇಳಿದಳು. "ಆ ಧಣಿ ಒಪ್ಪದೇ ಹೋಗಿದ್ರೆ ಏನು ಮಾಡ್ತಿದ್ರಿ ಅಂತ ಕೇಳ್ತಿದ್ದಾಳೆ."

"ನಾಳೆ ಬರ್ತಿದ್ದೆ. ನಾಳೆಯೂ ಒಪ್ಪದಿದ್ರೆ ನಾಡಿದ್ದು" ಎಂದಳು ಚಂದ್ರಮತಿ. ಗ್ರೇಸ್‌ಗೆ ಅದನ್ನು ತಿರುಗಿಸಿ ಹೇಳಲು ಜಯಲಕ್ಷ್ಮಿಗೆ ಸಮಯ ಸಿಗಲಿಲ್ಲ. ಅಯನಾವರದ ಬಸ್ಸು ಬಂದಿತ್ತು, ಅಲ್ಲಿ ಇನ್ನೊಂದು ಮನೆಯ ಬಾಗಿಲು ತಟ್ಟುವುದಿತ್ತು. ಮೂವರೂ ಓಡಿ ಹತ್ತಿದರು.